ಮೊದಲು ರೋಹಿಣಿ, ಆಮೇಲೆ ಕಪ್ಪುಕುಳಿ

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರು. ಐದಾರು ಜನ ಸೇರಿ ಆಕಾಶ ನೋಡುವವರ ಸಣ್ಣ ಸಂಘ ಕಟ್ಟಿಕೊಂಡಿದ್ದೇವೆ. ಎಂಟು ಇಂಚಿನ ಒಂದು ಡಾಬ್ಸೋನಿಯನ್ ಟೆಲಿಸ್ಕೋಪ್ ಇದೆ. ತಿಂಗಳಿಗೊಂದು ಸಾರ್ವಜನಿಕ ಉಪನ್ಯಾಸ ಶುರು ಮಾಡಿದೆವು. ಮೊದಲನೆಯದು ಕಪ್ಪುಕುಳಿಗಳ (ಬ್ಲ್ಯಾಕ್ ಹೋಲ್) ಬಗ್ಗೆ. ಬೆಂಗಳೂರಿನಿಂದ ವಿಜ್ಞಾನಿಯೊಬ್ಬರನ್ನು ಕರೆಸಿದ್ದೆವು, ಇನ್ನೂರು ಜನ ಬಂದರು. ಎರಡನೆಯದಕ್ಕೆ ಅರವತ್ತು. ಮೂರನೆಯದಕ್ಕೆ ಹದಿನಾಲ್ಕು, ಅದರಲ್ಲಿ ಒಂಬತ್ತು ಜನ ನಮ್ಮ ನಮ್ಮ ಮನೆಯವರೇ. ಎಲ್ಲಿ ತಪ್ಪುತ್ತಿದ್ದೇವೆ? ಇನ್ನೊಂದು: ಜಾತಕದ ಪ್ರಶ್ನೆ ಕೇಳುವವರಿಗೆ ಏನು ಹೇಳಬೇಕು?

ಉತ್ತರ: ಮೇಷ್ಟ್ರೇ, ಹದಿನಾಲ್ಕು ಕಡಿಮೆಯೇನಲ್ಲ. ನಮ್ಮ ಚಿತ್ರದುರ್ಗದಲ್ಲಿ ಒಂದು ಸಲ ನಾಲ್ಕು ಜನ, ಒಂದು ನಾಯಿ. ನಾಯಿ ಮಾತ್ರ ಕೊನೆತನಕ ಕೂತಿತ್ತು.

ಮೊದಲ ಸಲ ಬಂದ ಇನ್ನೂರು ಜನರನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ. ಅವರು ಬಂದಿದ್ದು ಬೆಂಗಳೂರಿನಿಂದ ಬಂದ ಅತಿಥಿಯನ್ನು ನೋಡಲು. ಆಕಾಶ ನೋಡಲು ಅಲ್ಲ. ಒಂದು ಗಂಟೆ ಚಿತ್ರಗಳನ್ನು ನೋಡಿದರು, ಚಪ್ಪಾಳೆ ಹೊಡೆದರು, ಮನೆಗೆ ಹೋದರು. ಹೋಗುವಾಗ ದಾರಿಯಲ್ಲಿ ತಲೆ ಎತ್ತಿದರೆ ಗುರುತಿಸುವಂಥದ್ದು ಏನೂ ಅವರ ಕೈಗೆ ಸಿಕ್ಕಿರಲಿಲ್ಲ. ಕಪ್ಪುಕುಳಿಯನ್ನು ತಲೆ ಎತ್ತಿ ನೋಡೋಕೆ ಆಗಲ್ಲ ಅಲ್ವಾ? ಅಲ್ಲೇ ತಪ್ಪಿರುವುದು.

ಜನರ ಹತ್ತಿರ ಆಗಲೇ ಒಂದು ಆಕಾಶ ಇದೆ. ನೀವು ಅದನ್ನು ಬಿಟ್ಟು ಬೇರೆ ಆಕಾಶ ಕೊಡಲು ಹೋಗಿದ್ದೀರಿ. ನಮ್ಮ ಕಡೆಯ ರೈತರನ್ನು ಕೇಳಿ, ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ ಅಂತ ಒಂದೇ ಉಸಿರಿಗೆ ಹೇಳುತ್ತಾರೆ. "ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲಾ ಜೋಳ" ಎಂಬ ಗಾದೆ ಗೊತ್ತಿಲ್ಲದ ಮನೆ ನಿಮ್ಮ ಜಿಲ್ಲೆಯಲ್ಲಿ ಕಡಿಮೆ. ಈಗ ಅದು ಮೆಕ್ಕೆಜೋಳ ಆಗಿದೆ, ಇರಲಿ. ಆದರೆ ಅದೇ ರೈತರನ್ನು "ರೋಹಿಣಿ ಎಲ್ಲಿದೆ, ತೋರಿಸಿ" ಅಂದರೆ ನಗುತ್ತಾರೆ. ಮಳೆ ಗೊತ್ತು, ನಕ್ಷತ್ರ ಗೊತ್ತಿಲ್ಲ.

ಮೊದಲ ಉಪನ್ಯಾಸ ಇದೇ ಆಗಲಿ. ರೋಹಿಣಿ ಮಳೆ ಅಂದರೆ ಸೂರ್ಯ ರೋಹಿಣಿ ನಕ್ಷತ್ರದಲ್ಲಿರುವ ಕಾಲ. ಆಕಾಶದಲ್ಲಿ ಸೂರ್ಯನ ದಾರಿಯನ್ನು 27 ಭಾಗ ಮಾಡಿ, ಒಂದೊಂದು ಭಾಗಕ್ಕೂ ಒಂದು ನಕ್ಷತ್ರದ ಹೆಸರಿಟ್ಟಿದ್ದಾರೆ. ವರ್ಷದ 365 ದಿನವನ್ನು 27ರಿಂದ ಭಾಗಿಸಿ, ಹದಿಮೂರೂವರೆ ದಿನ ಬರುತ್ತದೆ. ಒಂದೊಂದು ಮಳೆ ಹದಿಮೂರು ಹದಿನಾಲ್ಕು ದಿನ ಇರುವುದು ಇದಕ್ಕೇ. ಸೂರ್ಯ ರೋಹಿಣಿಗೆ ಬರುವುದು ಮೇ 25ರ ಸುಮಾರಿಗೆ. ಆಗ ಆ ನಕ್ಷತ್ರ ಸೂರ್ಯನ ಪಕ್ಕದಲ್ಲೇ ಇರುತ್ತದೆ, ಅವನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಹಾಗಾಗಿ ರೋಹಿಣಿ ಮಳೆಯಲ್ಲಿ ರೋಹಿಣಿ ಕಾಣುವುದಿಲ್ಲ! ಮೋಡ ಇಲ್ಲದಿದ್ದರೂ ಕಾಣುವುದಿಲ್ಲ. ಅದನ್ನು ಸಂಜೆಯ ಆಕಾಶದಲ್ಲಿ ನೋಡಬೇಕಾದರೆ ಆರು ತಿಂಗಳಾದರೂ ಕಾಯಬೇಕು. ಜನವರಿ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಗೆ ನಮ್ಮ ಊರುಗಳ ನಡುನೆತ್ತಿಯ ಮೇಲೇ ಕೆಂಪಗೆ ಉರಿಯುತ್ತಿರುತ್ತದೆ. ಪಕ್ಕದಲ್ಲೇ ಕೃತ್ತಿಕೆಯ ಗೊಂಚಲು. ಸ್ವಲ್ಪ ಪೂರ್ವಕ್ಕೆ ಮಹಾವ್ಯಾಧ ಎಂಬ ಬೇಟೆಗಾರನ ನಕ್ಷತ್ರಪುಂಜ, ಅವನ ಹೆಗಲಲ್ಲಿ ಆರಿದ್ರಾ. ಮುಂಗಾರಿನ ಮಳೆಗಳೆಲ್ಲ ಚಳಿಗಾಲದ ರಾತ್ರಿ ಸಾಲಾಗಿ ನಿಂತಿರುತ್ತವೆ.

ಇದನ್ನು ನಾನು ಮೊದಲ ಸಲ ಹೇಳಿದ್ದು ಚಳ್ಳಕೆರೆ ಕಡೆಯ ಒಂದು ಹಳ್ಳಿಯಲ್ಲಿ. ಎಪ್ಪತ್ತು ದಾಟಿದ ಒಬ್ಬ ಅಜ್ಜ ಸುಮ್ನೆ ನೋಡುತ್ತಾ ನಿಂತರು. ಆಮೇಲೆ "ಇದೇನಾ ಅದು? ಇಷ್ಟು ವರ್ಷ ಇದರ ಹೆಸರು ಹೇಳ್ಕೊಂಡು ಬಿತ್ತಿದ್ದು" ಅಂದರು. ಆ ರಾತ್ರಿ ಟೆಲಿಸ್ಕೋಪ್ ಬಿಚ್ಚುವ ಅಗತ್ಯವೇ ಬೀಳಲಿಲ್ಲ. ಮುಂದಿನ ತಿಂಗಳು ಅಜ್ಜ ತಮ್ಮ ಜೊತೆ ಇನ್ನೂ ಎಂಟು ಜನರನ್ನು ಕರೆದುಕೊಂಡು ಬಂದರು.

ಕಪ್ಪುಕುಳಿ ಬೇಡವೇ ಬೇಡ ಅನ್ನುತ್ತಿಲ್ಲ. ಎಂಟನೇ ತಿಂಗಳಿಗೆ ಇಟ್ಟುಕೊಳ್ಳಿ. ಆಗ ಕೇಳುವ ಕಿವಿಗಳು ತಯಾರಾಗಿರುತ್ತವೆ.

ಎರಡನೆಯ ಮಾತು ದಿನದ್ದು. ನಿಮ್ಮ ಮೂರು ಉಪನ್ಯಾಸಗಳು ಯಾವ ಯಾವ ದಿನ ಆದವು ಅಂತ ನೀವು ಬರೆದಿಲ್ಲ. ಅತಿಥಿಗೆ ಬಿಡುವಾದ ದಿನ ಮಾಡಿರುತ್ತೀರಿ ಅಂತ ನನ್ನ ಊಹೆ. ನಾನೂ ಮೂರು ವರ್ಷ ಅದೇ ಮಾಡಿದೆ. ಜನರಿಗೆ ದಿನ ಅಭ್ಯಾಸವಾಗಬೇಕು, ಸಂತೆಯ ಹಾಗೆ. ಸಂತೆಗೆ ಯಾರೂ ಆಮಂತ್ರಣ ಪತ್ರ ಹಂಚುವುದಿಲ್ಲ.

ತಿಂಗಳ ಎರಡನೇ ಶನಿವಾರ ಅಂತ ಇಟ್ಟರೆ ಒಂದು ತೊಂದರೆ ಇದೆ. ಒಮ್ಮೆ ಹುಣ್ಣಿಮೆ ಬೀಳುತ್ತದೆ, ಒಮ್ಮೆ ಅಮಾವಾಸ್ಯೆ. ಹೊಸಬರು ಹುಣ್ಣಿಮೆ ಚಂದ್ರನೇ ನೋಡಲು ಚೆನ್ನ ಅಂದುಕೊಂಡಿರುತ್ತಾರೆ. ಟೆಲಿಸ್ಕೋಪಿನಲ್ಲಿ ಅದು ಸುಣ್ಣ ಬಳಿದ ತಟ್ಟೆ. ಬಿಸಿಲು ನೇರ ಬೀಳುವುದರಿಂದ ನೆರಳೇ ಇರಲ್ಲ, ನೆರಳಿಲ್ಲದೆ ಕುಳಿ ಬೆಟ್ಟ ಏನೂ ಎದ್ದು ಕಾಣಲ್ಲ. ಶುಕ್ಲ ಪಕ್ಷದ ಅಷ್ಟಮಿಯ ಚಂದ್ರ ನೋಡಿ. ಬೆಳಕು ಕತ್ತಲೆ ಸೇರುವ ಗೆರೆಯ ಉದ್ದಕ್ಕೂ ಒಂದೊಂದು ಕುಳಿಯ ಅಂಚೂ ಕತ್ತರಿಸಿಟ್ಟ ಹಾಗೆ ಕಾಣುತ್ತದೆ. ಸಂಜೆಗೆ ಆಗಲೇ ತಲೆಯ ಮೇಲೆ ಇರುತ್ತಾನೆ, ಮುಳುಗುವುದು ನಡುರಾತ್ರಿಗೆ. ಅದಕ್ಕೇ ನಮ್ಮ ನಿಯಮ ಇದು: ಶುಕ್ಲ ಅಷ್ಟಮಿಗೆ ಹತ್ತಿರದ ಶನಿವಾರ. ಮೂರು ದಿನ ಆಚೀಚೆ ಆದರೂ ಚಂದ್ರ ಚೆನ್ನಾಗೇ ಇರುತ್ತಾನೆ. ನಮ್ಮಲ್ಲಿ ಪ್ರತಿ ಮನೆಯ ಗೋಡೆಯಲ್ಲೂ ತಿಥಿ ಬರೆದ ಕ್ಯಾಲೆಂಡರ್ ತೂಗುತ್ತಿರುತ್ತದೆ. ಅದೇ ನಿಮ್ಮ ಆಮಂತ್ರಣ. ಅಮಾವಾಸ್ಯೆ ಹತ್ತಿರದ ಶನಿವಾರ ನಿಮ್ಮ ಸಂಘದವರಿಗೆ ಇರಲಿ. ಕೊಂಡಜ್ಜಿ ಕಡೆ ಹೋಗಿ, ಊರಿನ ಬೆಳಕು ಹಿಂದೆ ಬಿಟ್ಟು, ನೀಹಾರಿಕೆ ಗೆಲಾಕ್ಸಿ ಹುಡುಕಿಕೊಳ್ಳಿ. ಅವನ್ನು ಸಾರ್ವಜನಿಕರಿಗೆ ತೋರಿಸಲು ಹೋಗಬೇಡಿ. "ಮಂಜು ಕಂಡ ಹಾಗೆ ಕಾಣ್ತಿದೆ ಸಾರ್" ಅಂತಾರೆ, ಅದು ನಿಜವೂ ಹೌದು.

ಮೋಡ ಬಂದರೆ? ರದ್ದು ಮಾಡಬೇಡಿ. ಒಂದು ಸಲ ರದ್ದು ಮಾಡಿದರೆ ಮುಂದಿನ ಸಲ ಅರ್ಧ ಜನ "ಇದೆಯೋ ಇಲ್ವೋ" ಅಂತ ಮನೆಯಲ್ಲೇ ಕೂರುತ್ತಾರೆ. ಮೋಡದ ದಿನಕ್ಕೆ ಒಂದು ಆಟ ತಯಾರಿಟ್ಟುಕೊಳ್ಳಿ. ನನಗೆ ತುಂಬಾ ಇಷ್ಟವಾದದ್ದು ಇದು. ನೂರು ಕೋಟಿಯಲ್ಲಿ ಒಂದು ಪಾಲಿಗೆ ಸೌರಮಂಡಲವನ್ನು ಕುಗ್ಗಿಸಿ. ಸೂರ್ಯ ಸುಮಾರು 1.4 ಮೀಟರ್ ಅಗಲದ ಚೆಂಡು. ಅದನ್ನು ಕುಂದವಾಡದ ಗಾಜಿನ ಮನೆಯ ಮುಂದೆ ಇಡಿ, ಸಿಗದಿದ್ದರೆ ಅಷ್ಟಗಲದ ವೃತ್ತವನ್ನು ಹಳದಿ ಬಟ್ಟೆಯಲ್ಲಿ ಕತ್ತರಿಸಿ. ಭೂಮಿ ಅಲ್ಲಿಂದ 150 ಮೀಟರ್ ದೂರದಲ್ಲಿ ಒಂದು ಸಣ್ಣ ಗೋಲಿ. ಚಂದ್ರ ಗೋಲಿಯಿಂದ 38 ಸೆಂಟಿಮೀಟರ್ ಆಚೆ ಒಂದು ಜೋಳದ ಕಾಳು. ಮನುಷ್ಯ ಹೋಗಿ ಬಂದಿರುವುದು ಇಷ್ಟೇ ದೂರ, ಒಂದು ಮೊಳಕ್ಕಿಂತ ಕಡಿಮೆ. ಗುರು 780 ಮೀಟರ್ ದೂರದಲ್ಲಿ ಸುಲಿದ ತೆಂಗಿನಕಾಯಿ. ಶನಿ ಒಂದೂ ಕಾಲು ಕಿಲೋಮೀಟರಿಗಿಂತ ಜಾಸ್ತಿ, 1.4 ಕಿ.ಮೀ. ನೆಪ್ಚೂನ್‌ಗೆ ನಾಲ್ಕೂವರೆ ಕಿ.ಮೀ. ನಡೆಯಬೇಕು, ಅಲ್ಲಿಗೆ ಮಕ್ಕಳು ಕಾಲು ನೋವು ಅನ್ನುತ್ತಾರೆ. ಆಗ ಕೇಳಿ, ಸೂರ್ಯನನ್ನು ಬಿಟ್ಟರೆ ನಮಗೆ ಹತ್ತಿರದ ನಕ್ಷತ್ರ ಎಲ್ಲಿಡೋಣ? ಹರಿಹರ ಅನ್ನುತ್ತಾರೆ, ಹುಬ್ಬಳ್ಳಿ ಅನ್ನುತ್ತಾರೆ, ಧೈರ್ಯವಂತರು ದೆಹಲಿ ಅನ್ನುತ್ತಾರೆ. ಉತ್ತರ 40,000 ಕಿ.ಮೀ. ಅಂದರೆ ನಿಜವಾದ ಭೂಮಿಯನ್ನೇ ಒಂದು ಸುತ್ತು ಹಾಕಿ ಮತ್ತೆ ಗಾಜಿನ ಮನೆ ಹತ್ತಿರ ಬಂದು ನಿಲ್ಲುವಷ್ಟು.

ಈ ಆಟ ಆಡಿಸಿದ ಮೇಲೆ "ಜ್ಯೋತಿರ್ವರ್ಷ" ಎಂಬ ಪದ ಬಳಸಿ, ಮೊದಲು ಬೇಡ. ನಾನು ಒಮ್ಮೆ ಮಾತು ಶುರು ಮಾಡಿದ್ದೇ ಆ ಪದದಿಂದ. ಮುಂದಿನ ಸಾಲಿನ ಒಬ್ಬರು ಜ್ಯೋತಿಷ್ಯ ಅಂದುಕೊಂಡು ಚೀಲದಿಂದ ಮೊಮ್ಮಗಳ ಜಾತಕ ತೆಗೆದರು. ತಪ್ಪು ಅವರದ್ದಲ್ಲ. "ಬೆಳಕು ಒಂದು ವರ್ಷದಲ್ಲಿ ಹೋಗುವ ದೂರ, ಸುಮಾರು ಒಂಬತ್ತೂವರೆ ಲಕ್ಷ ಕೋಟಿ ಕಿಲೋಮೀಟರ್" ಅಂತ ಮೊದಲು ಹೇಳಿ, ಹೆಸರು ಆಮೇಲೆ ಬರಲಿ. ಇಂಗ್ಲಿಷ್ ಸ್ಲೈಡ್ ತಂದು ಕನ್ನಡದಲ್ಲಿ ಓದುವ ಅತಿಥಿಗಳಿಗೂ ಇದನ್ನು ಮೊದಲೇ ತಿಳಿಸಿ. ಒಳ್ಳೆಯ ವಿಜ್ಞಾನಿಗಳು ಬೇಜಾರು ಮಾಡಿಕೊಳ್ಳುವುದಿಲ್ಲ. ಒಂದು ಉಪನ್ಯಾಸಕ್ಕೆ ಒಂದೇ ಪ್ರಶ್ನೆ, ಮೂವತ್ತೈದು ನಿಮಿಷ, ಸಾಕು. ಸನ್ಮಾನ, ಶಾಲು, ಹಾರ, ಪ್ರಾಸ್ತಾವಿಕ ನುಡಿ ಎಲ್ಲ ಸೇರಿ ಐದು ನಿಮಿಷ ಮೀರಬಾರದು. ಇದನ್ನು ಜಾರಿಗೆ ತರುವುದು ಖಗೋಳ ವಿಜ್ಞಾನಕ್ಕಿಂತ ಕಷ್ಟ, ಗೊತ್ತು.

ಇನ್ನು ಸಾಲು. ಟೆಲಿಸ್ಕೋಪ್ ಒಂದು, ಜನ ಇನ್ನೂರು. ತಲೆಗೆ ಒಂದು ನಿಮಿಷ ಕೊಟ್ಟರೂ 200 ನಿಮಿಷ, ಮೂರು ಗಂಟೆ ಮೇಲೆ. ಒಂದು ನಿಮಿಷದಲ್ಲಿ ಯಾರೂ ಮುಗಿಸುವುದೂ ಇಲ್ಲ. ಕನ್ನಡಕ ತೆಗೆಯಬೇಕಾ, ಯಾವ ಕಣ್ಣಲ್ಲಿ ನೋಡಬೇಕು, ಅಷ್ಟರಲ್ಲಿ ಕೊಳವೆಗೆ ಕೈ ತಾಗಿ ಚಂದ್ರ ಮಾಯ. ಕೈ ತಾಗದಿದ್ದರೂ ಮಾಯವಾಗುತ್ತಾನೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅಂದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ. ನಿಮ್ಮ ಎಂಟಿಂಚಿನದು ಸಾಮಾನ್ಯವಾದ 1200 ಮಿ.ಮೀ. ಸಂಗಮ ದೂರದ್ದಾಗಿದ್ದರೆ, 25 ಮಿ.ಮೀ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಹಾಕಿದಾಗ 48 ಪಟ್ಟು ದೊಡ್ಡದಾಗಿ ಕಾಣುತ್ತದೆ, ಸುಮಾರು ಒಂದು ಡಿಗ್ರಿ ಆಕಾಶ ಸಿಗುತ್ತದೆ. ನೂರು ಪಟ್ಟಿಗೆ ಹೋದರೆ ಅದು ಅರ್ಧ ಡಿಗ್ರಿ, ಎರಡೇ ನಿಮಿಷದಲ್ಲಿ ಶನಿ ಆಚೆ ಜಾರಿರುತ್ತದೆ. ಜನ ಖಾಲಿ ಕಪ್ಪು ನೋಡಿ "ಹ್ಞಾಂ, ಚೆನ್ನಾಗಿದೆ" ಅಂತ ಮರ್ಯಾದೆಗೆ ಹೇಳಿ ಹೋಗುತ್ತಾರೆ. ಇದು ನಿಮಗೆ ಗೊತ್ತೂ ಆಗುವುದಿಲ್ಲ. ಹಾಗಾಗಿ ಸಾರ್ವಜನಿಕ ರಾತ್ರಿ ಕಡಿಮೆ ಪವರ್ ಐಪೀಸ್ ಇರಲಿ. ಇಬ್ಬರು ನೋಡಿದ ಮೇಲೆ ಒಮ್ಮೆ ನಿಮ್ಮವರು ಇಣುಕಿ ಸರಿ ಮಾಡಲಿ. ಪಕ್ಕದಲ್ಲಿ ಗಟ್ಟಿಯಾದ ಸ್ಟೂಲ್ ಇಡಿ, ಮಕ್ಕಳಿಗೆ ಹತ್ತಲು, ಅಜ್ಜಿಯರಿಗೆ ಹಿಡಿದುಕೊಳ್ಳಲು.

ಸಾಲಿನಲ್ಲಿ ನಿಂತವರನ್ನು ಸುಮ್ನೆ ನಿಲ್ಲಿಸಬೇಡಿ. ಉಪನ್ಯಾಸ ನಡೆಯಬೇಕಾದದ್ದೇ ಅಲ್ಲಿ. ಸಭಾಂಗಣದಲ್ಲಿ ಮೊದಲು ಮಾತು, ಆಮೇಲೆ ಮೈದಾನದಲ್ಲಿ ನೋಟ ಎಂಬ ಕ್ರಮ ಬಿಡಿ. ಕುಳಿ ನೋಡಿ ಬಂದವನಿಗೆ "ಈ ಕುಳಿ ಹೇಗಾಯಿತು?" ಎಂಬ ಪ್ರಶ್ನೆ ತಾನೇ ಹುಟ್ಟಿರುತ್ತದೆ. ಆಗ ಹೇಳಿದ ಮಾತು ನಾಟುತ್ತದೆ. ನಿಮ್ಮ ಟೆಲಿಸ್ಕೋಪಿಗೆ ಹೆಸರು ಕೊಟ್ಟ ಜಾನ್ ಡಾಬ್ಸನ್ ಮಾಡಿದ್ದೂ ಇದನ್ನೇ. ಆತ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಆಶ್ರಮದಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸನ್ಯಾಸಿಯಾಗಿದ್ದವರು. ಕಂಡ ಕಂಡ ಸಾಮಾನು ಜೋಡಿಸಿ ಅಗ್ಗದ ಟೆಲಿಸ್ಕೋಪ್ ಮಾಡಿ, ಆಶ್ರಮ ಬಿಟ್ಟ ಮೇಲೆ ರಸ್ತೆ ಬದಿಯಲ್ಲಿ ನಿಲ್ಲಿಸಿಕೊಂಡು ಹೋಗಿ ಬರುವವರನ್ನು ಕರೆದು ತೋರಿಸಿದರು. 1968ರಲ್ಲಿ ಅದಕ್ಕೊಂದು ಸಂಘವೂ ಆಯಿತು. ಸಭಾಂಗಣ ಇರಲಿಲ್ಲ. ನಿಮಗೂ ಬೇಡ. ಮಂಡಕ್ಕಿ ಮಿರ್ಚಿ ಗಾಡಿಗಳು ನಿಲ್ಲುವ ಕಡೆ ಅನುಮತಿ ಕೇಳಿಕೊಂಡು ಟೆಲಿಸ್ಕೋಪ್ ನಿಲ್ಲಿಸಿ. ಚಂದ್ರನಿಗೆ ಬೀದಿದೀಪದಿಂದ ಏನೂ ಆಗಲ್ಲ.

ಚಂದ್ರನನ್ನು ತೋರಿಸಿದರೆ ಒಂದು ಪ್ರಶ್ನೆ ಖಂಡಿತ ಬರುತ್ತದೆ: "ವಿಕ್ರಮ್ ಕಾಣತ್ತಾ?" ಕಾಣಲ್ಲ. ಎಂಟಿಂಚಿನಲ್ಲಿ ಒಳ್ಳೆಯ ರಾತ್ರಿ ಒಂದೆರಡು ಕಿ.ಮೀ. ಅಗಲದ ಕುಳಿ ಗುರುತು ಸಿಕ್ಕರೆ ಹೆಚ್ಚು, ಲ್ಯಾಂಡರ್ ಒಂದು ಕೋಣೆಯಷ್ಟೂ ಇಲ್ಲ. ಆದರೆ 2023ರ ಆಗಸ್ಟ್ 23ರಂದು ಚಂದ್ರಯಾನ-3ರ ಆ ಲ್ಯಾಂಡರ್ ಇಳಿದದ್ದು ಚಂದ್ರನ 69 ಡಿಗ್ರಿ ದಕ್ಷಿಣಕ್ಕೆ. ಆ ಪ್ರದೇಶ ಅಷ್ಟಮಿಯ ದಿನ ಬೆಳಕಿನಲ್ಲೇ ಇರುತ್ತದೆ, ತೋರಿಸಬಹುದು. ಅಲ್ಲಿಂದ ಮಾತನ್ನು ಚಳ್ಳಕೆರೆಗೆ ತನ್ನಿ. ಚಂದ್ರಯಾನ-2ರ ಲ್ಯಾಂಡರ್ ಸೆನ್ಸರ್‌ಗಳನ್ನು ಪರೀಕ್ಷಿಸಲು ಇಸ್ರೋ ಉಳ್ಳಾರ್ತಿ ಕಾವಲಿನಲ್ಲಿ ನೆಲ ತೋಡಿ ಚಂದ್ರನ ಕುಳಿಗಳನ್ನೇ ಮಾಡಿತ್ತು. 2023ರ ಏಪ್ರಿಲ್ 2ರಂದು ರೆಕ್ಕೆಯ ಮರುಬಳಕೆ ನೌಕೆಯ ಮಾದರಿಯೊಂದನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿ.ಮೀ. ಎತ್ತರದಿಂದ ಬಿಟ್ಟಾಗ, ಅದು ತಾನಾಗಿ ಬಂದು ಇಳಿದದ್ದೂ ಚಳ್ಳಕೆರೆಯ ರನ್‌ವೇ ಮೇಲೆ. ನಿಮ್ಮ ಮಕ್ಕಳಿಗೆ ನಾಸಾದ ಹೂಸ್ಟನ್ ಗೊತ್ತು, ಇದು ಗೊತ್ತಿಲ್ಲ. ಚಂದ್ರನನ್ನು ನೋಡಿ ಕೆಳಗಿಳಿದ ಹುಡುಗಿಗೆ "ಅಂಥ ಕುಳಿಗಳನ್ನು ಇಲ್ಲಿಂದ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲೇ ಮಾಡಿದ್ದರು" ಅಂದು ನೋಡಿ, ಮುಖ ಹೇಗಾಗುತ್ತದೆ ಅಂತ.

ಈಗ ಜಾತಕ. ಕೇಳುವವರನ್ನು ಗದರಿಸಬೇಡಿ, ನಗಬೇಡಿ. ಅವರು ಗ್ರಹಗಳ ಬಗ್ಗೆ ಆಸಕ್ತಿ ಇರುವ ಜನ, ನಿಮ್ಮ ಗಿರಾಕಿಗಳೇ! ಹಾಗಂತ ತಲೆಯಾಡಿಸಲೂ ಬೇಡಿ. ನಾನು ಮಾಡುವುದು ಹೀಗೆ. ಸಾಡೇಸಾತಿ ಬಗ್ಗೆ ಕೇಳಿದರೆ, ಏಳೂವರೆ ವರ್ಷ ಎಲ್ಲಿಂದ ಬಂತು ಅಂತ ತಿರುಗಿ ಕೇಳುತ್ತೇನೆ. ಯಾರಿಗೂ ಗೊತ್ತಿರಲ್ಲ. ಲೆಕ್ಕ ಸುಲಭ. ಶನಿ ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 29 ವರ್ಷ ಆರು ತಿಂಗಳು ಬೇಕು. ರಾಶಿ ಹನ್ನೆರಡು. ಒಂದು ರಾಶಿ ದಾಟಲು ಎರಡೂವರೆ ವರ್ಷ. ಹಿಂದಿನದು, ನಿಮ್ಮದು, ಮುಂದಿನದು, ಮೂರು ಸೇರಿದರೆ ಏಳೂವರೆ. ಯಾವ ಉಪಕರಣವೂ ಇಲ್ಲದ ಕಾಲದಲ್ಲಿ ತಲೆಮಾರುಗಟ್ಟಲೆ ಬರಿಗಣ್ಣಲ್ಲಿ ನೋಡಿ ಈ ಲೆಕ್ಕ ಹಿಡಿದಿದ್ದಾರೆ, ಅದು ನಿಜವಾದ ಖಗೋಳ ವಿಜ್ಞಾನ. ಆ ಗ್ರಹ ನಿಮ್ಮ ಅಂಗಡಿ ವ್ಯಾಪಾರ ಕೆಡಿಸುತ್ತದೆ ಎಂಬುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಇಷ್ಟು ಹೇಳಿ ಶನಿ ತೋರಿಸಿ. ಬಳೆ ತೊಟ್ಟ ಹಾಗಿರುವ ಆ ಪುಟ್ಟ ಗ್ರಹ ನೋಡಿದ ಮೇಲೆ ಹೆದರಿಕೆ ಉಳಿಯುವುದು ಕಷ್ಟ. 2025ರ ಮಾರ್ಚಿನಲ್ಲಿ ಬಳೆ ನಮಗೆ ಅಂಚು ತೋರಿಸಿ ಗೆರೆಯಾಗಿತ್ತು. ಅಲ್ಲಿಂದ ವರ್ಷ ವರ್ಷ ತೆರೆದುಕೊಳ್ಳುತ್ತಿದೆ, 2032ರ ಹೊತ್ತಿಗೆ ಅಗಲವಾಗಿ ಕಾಣುತ್ತದೆ. ಬಂದವರು ಮತ್ತೆ ಬರಲು ಇದೂ ಒಂದು ನೆಪ.

ಗ್ರಹಣಕ್ಕೆ ಇನ್ನೂ ಹೆಚ್ಚು ಜನ ಬರುತ್ತಾರೆ, ಹೆಚ್ಚು ಜನ ಬಾಗಿಲೂ ಹಾಕಿಕೊಳ್ಳುತ್ತಾರೆ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣ ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋಯಿತು. ನಾನು ಆಗ ದುರ್ಗದಲ್ಲಿ ಹುಡುಗ. ಇಲ್ಲಿ ಪೂರ್ಣ ಇರಲಿಲ್ಲ, ಆದರೂ ನಮ್ಮನ್ನು ನಡುಮನೆಯಲ್ಲಿ ಕೂಡಿಹಾಕಿದ್ದರು. ಬಾಗಿಲ ಸಂದಿಯಲ್ಲಿ ಬೆಳಕು ಮಂಕಾಗಿದ್ದು ಮಾತ್ರ ನೆನಪು. ಆ ಸಿಟ್ಟೇ ನನ್ನನ್ನು ಈ ದಾರಿಗೆ ಎಳೆಯಿತು ಅನ್ನಿ. 2019ರ ಡಿಸೆಂಬರ್ 26ರ ಬೆಳಗಿನ ಸೂರ್ಯಗ್ರಹಣಕ್ಕೆ ನಾವು ಹೊಂಗೆ ಮರದ ಕೆಳಗೆ ಕೂತೆವು. ಎಲೆ ಸಂದಿಯಿಂದ ಬಿದ್ದ ಬಿಸಿಲಿನ ಚುಕ್ಕಿಗಳೆಲ್ಲ ಕುಡುಗೋಲಿನ ಆಕಾರ. ಒಬ್ಬ ತಾಯಿ ಮನೆಯಿಂದ ಜರಡಿ ತಂದರು. ನೆಲದ ಮೇಲೆ ನೂರಾರು ಪುಟ್ಟ ಸೂರ್ಯ. ಜರಡಿಗೆ ಕಾಸಿಲ್ಲ, ಕಣ್ಣಿಗೆ ಅಪಾಯವಿಲ್ಲ. ಟೆಲಿಸ್ಕೋಪನ್ನು ಮಾತ್ರ ಮುಂಭಾಗಕ್ಕೆ ಸರಿಯಾದ ಸೌರ ಫಿಲ್ಟರ್ ಇಲ್ಲದೆ ಸೂರ್ಯನ ಕಡೆ ತಿರುಗಿಸಲೇಬಾರದು. ಪಕ್ಕದಲ್ಲಿ ಗುರಿ ಹಿಡಿಯಲು ಇರುವ ಸಣ್ಣ ಫೈಂಡರ್‌ಗೂ ಮುಚ್ಚಳ ಹಾಕಿ, ಅದನ್ನು ಎಲ್ಲರೂ ಮರೆಯುತ್ತಾರೆ. 2028ರ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣ ಇದೆ, ಹತ್ತು ಇಪ್ಪತ್ತರ ಹೊತ್ತಿಗೆ ನಟ್ಟ ನಡುವೆ. ಹೊಸ ವರ್ಷಕ್ಕೆ ಹೇಗೂ ಎಚ್ಚರ ಇರುತ್ತಾರೆ, ಮೈದಾನ ಈಗಲೇ ಗೊತ್ತು ಮಾಡಿಕೊಳ್ಳಿ.

ಹಗಲಿಗೆ ಇನ್ನೊಂದಿದೆ, ಶೂನ್ಯ ನೆರಳಿನ ದಿನ. ದಾವಣಗೆರೆಯ ಅಕ್ಷಾಂಶ ಹದಿನಾಲ್ಕೂವರೆ ಡಿಗ್ರಿಯ ಹತ್ತಿರ. ಏಪ್ರಿಲ್ 29ರ ಸುಮಾರಿಗೆ ಮಧ್ಯಾಹ್ನ 12 ಗಂಟೆ 24 ನಿಮಿಷದ ಆಸುಪಾಸು ಸೂರ್ಯ ನೇರ ನೆತ್ತಿಗೆ ಬರುತ್ತಾನೆ, ನಿಲ್ಲಿಸಿದ ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಆಗಸ್ಟ್ ಮಧ್ಯದಲ್ಲಿ ಮತ್ತೊಮ್ಮೆ, ಆದರೆ ಆಗ ಮೋಡ. ರಜೆಯ ಮಕ್ಕಳನ್ನು ಒಂದು ನೀರಿನ ಲೋಟ, ಒಂದು ಟೋಪಿ ತರಲು ಹೇಳಿ. ಅದೇ ರಾತ್ರಿ ಹತ್ತರ ಹೊತ್ತಿಗೆ ತೆರೆದ ಬಯಲಿಗೆ ಕರೆದೊಯ್ಯಿರಿ. ದಕ್ಷಿಣಕ್ಕೆ ದಿಗಂತದಿಂದ, ಕೈ ಚಾಚಿ ಹಿಡಿದರೆ ಒಂದೂವರೆ ಮುಷ್ಟಿ ಮೇಲೆ ತ್ರಿಶಂಕು ನಕ್ಷತ್ರಪುಂಜ. ತಿರುಗಿ ನಿಂತರೆ ಉತ್ತರಕ್ಕೆ ಹೆಚ್ಚುಕಮ್ಮಿ ಅಷ್ಟೇ ಎತ್ತರದಲ್ಲಿ ಧ್ರುವ ನಕ್ಷತ್ರ. ಲಂಡನ್ನಿನವರಿಗೆ ತ್ರಿಶಂಕು ಕಾಣಲ್ಲ, ಸಿಡ್ನಿಯವರಿಗೆ ಧ್ರುವ ಕಾಣಲ್ಲ. ದಾವಣಗೆರೆಯವರಿಗೆ ಒಂದೇ ಜಾಗದಲ್ಲಿ ನಿಂತು ಕತ್ತು ತಿರುಗಿಸಿದರೆ ಎರಡೂ ಸಿಗುತ್ತವೆ.

ನಿಮ್ಮ ಮನೆಯವರನ್ನು ಬಿಟ್ಟು ಬಂದ ಐದು ಜನ ಯಾರು ಅಂತ ವಿಚಾರಿಸಿ. ಆಕಾಶಕ್ಕೋಸ್ಕರ ಬಂದವರು ಅವರೇ. ಒಬ್ಬರಿಗೆ ಸಾಲು ನೋಡಿಕೊಳ್ಳುವ ಕೆಲಸ ಕೊಡಿ, ಒಬ್ಬರಿಗೆ ಸ್ಟೂಲ್ ಹಿಡಿಯುವ ಕೆಲಸ. ಜನವರಿಯ ಅಷ್ಟಮಿ ಶನಿವಾರಕ್ಕೆ ರೋಹಿಣಿ ಇಟ್ಟುಕೊಂಡರೆ ತಿಳಿಸಿ, ದುರ್ಗದಿಂದ ಬರುತ್ತೇನೆ. ಶಾಲು ಬೇಡ. ಮಂಡಕ್ಕಿ ಮಾತ್ರ ನಿಮ್ಮ ಖರ್ಚು.